ಮೈಕ್ರಾನ್ ಮಾಮನ ಬೆರಳು

ನಮ್ಮ ಕಾರ್ಖಾನೆಯಲ್ಲಿ ಅವರನ್ನು ಹೆಸರು ಹಿಡಿದು ಕರೆದವರನ್ನು ನಾನು ನೋಡಿಲ್ಲ. ಹೆಸರು ಸಂಬಳದ ಪಟ್ಟಿಯಲ್ಲಿತ್ತು, ಅಷ್ಟೆ. ಮಾಲೀಕರಿಂದ ಹಿಡಿದು ಗೇಟು ಕಾಯುವವನ ತನಕ ಎಲ್ಲರಿಗೂ ಅವರು ಮೈಕ್ರಾನ್ ಮಾಮ. ಪಂಪುಗಳಿಗೆ ಹಾಕುವ ಉಕ್ಕಿನ ಶಾಫ್ಟುಗಳನ್ನು ಗ್ರೈಂಡಿಂಗ್ ಕಲ್ಲಿಗೆ ಕೊಟ್ಟು ನುಣುಪು ಮಾಡುವುದು ಅವರ ಕೆಲಸ. ಮೂವತ್ತೊಂದು ವರ್ಷದಿಂದ ಅದೇ ಕೆಲಸ, ಅದೇ ಕಿಟಕಿಯ ಪಕ್ಕ. ತಲೆಕೂದಲಿನ ದಪ್ಪವನ್ನು ಎಪ್ಪತ್ತು ಪಾಲು ಮಾಡಿದರೆ ಅದರಲ್ಲೊಂದು ಪಾಲು ಮೈಕ್ರಾನು. ಮಾಮ ಶಾಫ್ಟಿನ ಮೇಲೆ ಬೆರಳನ್ನು ಒಮ್ಮೆ ಜಾರಿಸಿ, "ಉಜ್ಜೋಕೆ ಇನ್ನೂ ಎಂಟು ಇದೆ" ಎನ್ನುತ್ತಿದ್ದರು. ಉಪಕರಣ ತಂದು ಅಳೆದರೆ ಎಂಟೇ ಇರುತ್ತಿತ್ತು. ಒಂದೊಂದು ಸಲ ಒಂಬತ್ತು ಇರುತ್ತಿತ್ತು, ಆಗ ಮಾಮ ಉಪಕರಣವನ್ನು ಬೈಯುತ್ತಿದ್ದರು.

ನಾನು ಅಲ್ಲಿಗೆ ಸೇರಿದ್ದು ಕಂಪ್ಯೂಟರ್ ವಿಭಾಗಕ್ಕೆ. ವಿಭಾಗ ಎಂದರೆ ನಾನೊಬ್ಬನೇ. ಹಿಂದೆ ರಟ್ಟು, ಕಾಗದ ಇಡುತ್ತಿದ್ದ ಸಣ್ಣ ಕೋಣೆ, ಅದರಲ್ಲಿ ಎರಡು ಸರ್ವರ್, ಹನಿ ತೊಟ್ಟಿಕ್ಕುವ ಏಸಿ, ಅದರ ಕೆಳಗೊಂದು ಬಕೆಟ್ಟು. ಪ್ರತಿ ಮೆಷಿನ್ನಿಗೂ ಒಂದು ಸ್ಕ್ರೀನು ಕೂರಿಸಬೇಕು, ಯಾರು ಯಾವ ಶಾಫ್ಟು ಮಾಡಿದರು ಎಂಬುದೆಲ್ಲ ತಾನಾಗಿ ದಾಖಲಾಗಬೇಕು ಎಂದು ಮಾಲೀಕರಿಗೆ ಆಸೆ. ಆರೇ ತಿಂಗಳಲ್ಲಿ ಮಾಡಿ ಮುಗಿಸಿದೆ. ನನ್ನ ಕಾಲು ನೆಲದ ಮೇಲೆ ಇರಲಿಲ್ಲ.

ಎಲ್ಲರ ಬೆರಳಚ್ಚು ತೆಗೆದುಕೊಳ್ಳುವ ದಿನ ಅರವತ್ತನಾಲ್ಕು ಜನ ಸಾಲಾಗಿ ನಿಂತಿದ್ದರು. ಬೆರಳು ಒತ್ತಿದವರಿಗೆ ಒಂದು ನಂಬರು, ಒಂದು ಪಾಸ್‌ವರ್ಡು. ಮಾಮನ ಸರದಿ ಬಂತು. ಬೆರಳಿಟ್ಟರೆ ಕೆಂಪು ದೀಪ. ಒರೆಸಿ ಇಟ್ಟರೂ ಕೆಂಪು. ಹತ್ತೂ ಬೆರಳು ಆಯಿತು. ಮೂವತ್ತೊಂದು ವರ್ಷ ಕಲ್ಲೂ ಉಕ್ಕೂ ಸೇರಿ ಆ ಬೆರಳುಗಳ ಗೆರೆಗಳನ್ನೇ ಸವೆಸಿಬಿಟ್ಟಿದ್ದವು. ಆಗ ನಾನು ಎಲ್ಲರಿಗೂ ಕೇಳುವ ಹಾಗೆ, "ಮಾಮ, ಈ ಮೆಷಿನ್ ಪ್ರಕಾರ ನೀವಿನ್ನೂ ಹುಟ್ಟೇ ಇಲ್ಲ" ಎಂದೆ. ಸಾಲೆಲ್ಲ ಬಿದ್ದು ಬಿದ್ದು ನಕ್ಕಿತು. ಮಾಮನೂ ನಕ್ಕರು. ನಕ್ಕು ಕೈಗಳನ್ನು ಜೇಬಿಗೆ ಇಳಿಸಿಕೊಂಡರು. "ನಾಳೆ ಬನ್ನಿ, ನಿಮಗೊಂದು ಕಾರ್ಡ್ ಮಾಡ್ಕೊಡ್ತೀನಿ" ಎಂದೆ.

ಮಾಮ ಮಾರನೆಯ ದಿನ ಬರಲಿಲ್ಲ, ಆಮೇಲೂ ಬರಲಿಲ್ಲ. ನಾನೂ ಕೇಳಲಿಲ್ಲ. ಮಾಲೀಕರಿಗೆ ಕೊಡುವ ಪಟ್ಟಿಯಲ್ಲಿ ಅರವತ್ತನಾಲ್ಕಕ್ಕೆ ಅರವತ್ತನಾಲ್ಕೂ ಆಯಿತೆಂದು ಗುರುತು ಹಾಕಿ ಕೈ ತೊಳೆದುಕೊಂಡೆ.

ಹಾಗಾದರೆ ಮಾಮನ ಸ್ಕ್ರೀನು ತೆರೆಯುತ್ತಿದ್ದದ್ದು ಹೇಗೆ? ಅವರ ಮೆಷಿನ್ನಿನ ಎದುರೇ ತಪಾಸಣೆಯ ಮೇಜು. ಅಲ್ಲಿ ಕೂತು ಶಾಫ್ಟುಗಳನ್ನು ಅಳೆದು ನೋಡುವ ಹೆಂಗಸನ್ನು ಮಾಮ ತಂಗಿ ಎಂದು ಕರೆದು ಕರೆದು ನಮಗೆಲ್ಲ ಆಕೆ ತಂಗಿಯೇ ಆಗಿದ್ದಳು, ನನಗಿಂತ ನಾಲ್ಕು ವರ್ಷ ದೊಡ್ಡವಳಾದರೂ. ಐದು ವರ್ಷದಿಂದ ತಾತ್ಕಾಲಿಕ ಕೆಲಸ. ಇನ್ನು ಹತ್ತು ತಿಂಗಳಿಗೆ ಕಾಯಂ ಆಗುವುದಿತ್ತು. ಕಾಯಂ ಆದವರ ಮನೆಯವರಿಗೆ ಕಾರ್ಖಾನೆಯೇ ಚಿಕಿತ್ಸೆ ಕೊಡಿಸುತ್ತದೆ. ಆಕೆಯ ತಾಯಿಗೆ ಕಣ್ಣು ಮಂಜಾಗುತ್ತಾ ಬಂದಿತ್ತು, ಆಪರೇಷನ್ನಿಗೆ ಆ ಹತ್ತು ತಿಂಗಳನ್ನೇ ಕಾಯುತ್ತಿದ್ದರು. ಮಾಮ ಸ್ಕ್ರೀನಿನ ಮುಂದೆ ಪೆಚ್ಚಾಗಿ ನಿಂತಿದ್ದನ್ನು ನೋಡಿ ಆಕೆಯೇ ಹೋಗಿ, "ನಂದು ಹಾಕಿ ಮಾಮ, ಯಾರು ನೋಡ್ತಾರೆ" ಎಂದು ತನ್ನ ನಂಬರು, ಪಾಸ್‌ವರ್ಡು ಹೇಳಿದಳು. ಮಾಮ ಅದನ್ನು ಸಲಕರಣೆ ಪೆಟ್ಟಿಗೆಯ ಮುಚ್ಚಳದೊಳಗೆ ಪೆನ್ಸಿಲ್ಲಿನಲ್ಲಿ ಬರೆದುಕೊಂಡರು.

ಯಾರು ನೋಡ್ತಾರೆ ಎಂದದ್ದು ಸರಿಯಾಗಿಯೇ ಇತ್ತು. ನೋಡಬೇಕಾದವನು ನಾನು. ನನ್ನ ದಾಖಲೆಯ ಪ್ರಕಾರ ತಂಗಿ ಏಳು ತಿಂಗಳಲ್ಲಿ ಒಂಬತ್ತು ಸಾವಿರ ಶಾಫ್ಟು ಉಜ್ಜಿ, ಆ ಒಂಬತ್ತು ಸಾವಿರವನ್ನೂ ತಾನೇ ಅಳೆದು ಪಾಸು ಮಾಡಿದ್ದಳು. ಪ್ರತಿ ವಾರ ಆ ಹಾಳೆ ಅಚ್ಚಾಗಿ ಬರುತ್ತಿತ್ತು. ನಾನು ಅದನ್ನು ಓದದೆ ಫೈಲಿಗೆ ಸೇರಿಸುತ್ತಿದ್ದೆ.

ಒಂದು ಶನಿವಾರ ಮಧ್ಯಾಹ್ನ ಮಾಮನ ಮೆಷಿನ್ನಿನ ಪಕ್ಕದ ಗೋಡೆಯ ಫೋನು ಬಡಿದುಕೊಂಡಿತು. "ಕಂಪ್ಯೂಟರ್ ವಿಭಾಗದಿಂದ ಮಾತಾಡ್ತಿದೀನಿ. ನಿಮ್ಮ ಮೆಷಿನ್ ಸರಿ ಮಾಡ್ಬೇಕು, ನಂಬರು ಪಾಸ್‌ವರ್ಡು ಹೇಳಿ" ಎಂದಿತು ಒಂದು ದನಿ. ಅದು ನಾನೇ ಎಂದುಕೊಂಡರು ಮಾಮ. ಕೊಡುವುದಿಲ್ಲ ಎಂದರೆ ನಾನು ಎದ್ದು ಮೆಷಿನ್ನಿನ ಹತ್ತಿರವೇ ಬಂದುಬಿಡುತ್ತೇನೆ, ಸ್ಕ್ರೀನಿನ ಮೇಲೆ ಯಾರ ಹೆಸರಿದೆ ಎಂದು ನೋಡುತ್ತೇನೆ, ಆಮೇಲೆ ಎಲ್ಲರ ಮುಂದೆ ಇನ್ನೊಂದು ತಮಾಷೆ ಮಾಡುತ್ತೇನೆ ಎಂದು ಮಾಮನಿಗೆ ಭಯವಾಯಿತು. ಮುಚ್ಚಳ ತೆರೆದು ಓದಿ ಹೇಳಿಬಿಟ್ಟರು.

ಮನೆಯಲ್ಲಿ ಕೂತೇ ಮೆಷಿನ್ನುಗಳನ್ನು ನೋಡಲು ನಾನು ಹೊರಗಿನಿಂದ ಒಂದು ದಾರಿ ಇಟ್ಟುಕೊಂಡಿದ್ದೆ. ಒಳಗೆ ಬರಲು ಯಾರದಾದರೂ ಒಂದು ನಂಬರು, ಪಾಸ್‌ವರ್ಡು ಸಾಕಿತ್ತು. ಸೋಮವಾರ ಬೆಳಗ್ಗೆ ಬಂದು ನೋಡಿದರೆ ಎಲ್ಲ ಸ್ಕ್ರೀನುಗಳ ಮೇಲೂ ಒಂದೇ ಸಾಲು. ನಿಮ್ಮ ಕಡತಗಳಿಗೆ ಬೀಗ ಬಿದ್ದಿದೆ, ಬಿಡಿಸಿಕೊಳ್ಳಲು ಹಣ ಕೊಡಬೇಕು, ಈ ವಿಳಾಸಕ್ಕೆ ಬರೆಯಿರಿ. ಇಡೀ ಕಾರ್ಖಾನೆ ಸ್ತಬ್ಧವಾಯಿತು.

ಆ ವಾರವೇ ನಾನೂರು ಶಾಫ್ಟು ಹೋಗಬೇಕಿತ್ತು. ಶೆಡ್ಡಿನ ಮೂಲೆಯಲ್ಲಿ ಗುಜರಿಗೆಂದು ತೆಗೆದಿಟ್ಟ ಹಳೆಯ ಗ್ರೈಂಡಿಂಗ್ ಮೆಷಿನ್ನಿತ್ತು. ಅದಕ್ಕೆ ಸ್ಕ್ರೀನಿಲ್ಲ, ಎರಡು ಚಕ್ರ, ಒಂದು ಹಿಡಿ. ಮಾಮ ಅದಕ್ಕೆ ಎಣ್ಣೆ ಬಿಟ್ಟು, ಬೆಲ್ಟು ಬಿಗಿದು, ಒಬ್ಬರೇ ಶುರು ಹಚ್ಚಿಕೊಂಡರು. ಮ್ಯಾನೇಜರ್ ತಾವೇ ಟೀ ತಂದುಕೊಟ್ಟರು. ಮಾಲೀಕರು ಬಂದು ಹೆಗಲ ಮೇಲೆ ಕೈ ಹಾಕಿ, "ಕಂಪ್ಯೂಟರ್ ಕೈ ಕೊಟ್ಟಾಗ ಕಾಪಾಡೋದು ಇಂಥ ಕೈನೇ" ಎಂದರು. ನನ್ನ ಕಡೆ ನೋಡಿಯೇ ಅಂದರು. ನಾನು ತಲೆ ತಗ್ಗಿಸಿಕೊಂಡು ನನ್ನ ಕೋಣೆಗೆ ಹೋದೆ.

ಬುಧವಾರದ ಹೊತ್ತಿಗೆ ಕಳ್ಳ ಯಾವ ನಂಬರಿನಿಂದ ಒಳಗೆ ಬಂದ ಎಂಬುದು ಸಿಕ್ಕಿತು. ಗುರುವಾರ ಬೆಳಗ್ಗೆ ಮ್ಯಾನೇಜರ್ ತಂಗಿಯನ್ನು ಕರೆಸಿದರು. ಪ್ರಶ್ನೆ ಕೇಳಿದವನು ನಾನು.

"ಯಾರಿಗಾದ್ರೂ ಫೋನಲ್ಲಿ ಪಾಸ್‌ವರ್ಡ್ ಹೇಳಿದ್ರಾ?"

"ಇಲ್ಲ."

"ಇಲ್ಲಿ ಯಾರಿಗಾದ್ರೂ ಕೊಟ್ಟಿದ್ರಾ?"

ಆಕೆ ಮೇಜಿನ ಮೇಲಿದ್ದ ಪೆನ್ನನ್ನೇ ನೋಡುತ್ತಾ ಕೂತಳು. ಮಾಮನಿಗೆ ನಿವೃತ್ತಿಗೆ ಇನ್ನು ಒಂಬತ್ತು ತಿಂಗಳಿತ್ತು, ಆಕೆಗೆ ಅದು ಗೊತ್ತಿತ್ತು. ನನಗೆ ಆಗ ಹೊಳೆದದ್ದು ಒಂದೇ, ಮೌನ ಎಂದರೆ ತಪ್ಪೊಪ್ಪಿಗೆ. ಒಂದೇ ಗಂಟೆಯಲ್ಲಿ ವರದಿ ಬರೆದೆ. ತೀರ್ಮಾನ ಆಗುವ ತನಕ ಮನೆಯಲ್ಲಿರಿ ಎಂದು ಆಕೆಯನ್ನು ಕಳಿಸಿದರು. ತಪ್ಪು ಸಿಕ್ಕಿತು, ಅದು ನನ್ನದಲ್ಲ ಎಂದು ನನಗೆ ಎಷ್ಟು ಹಗುರವಾಯಿತು ಎಂದರೆ, ಅಂದು ಮಧ್ಯಾಹ್ನ ಚೆನ್ನಾಗಿ ಊಟ ಮಾಡಿದೆ.

ಮುಂದಿನ ಮಂಗಳವಾರ ಮಾಮ ನನ್ನ ಕೋಣೆಯ ಬಾಗಿಲಲ್ಲಿ ನಿಂತರು. ಕಂಕುಳಲ್ಲಿ ಆ ಪೆಟ್ಟಿಗೆಯ ಮುಚ್ಚಳ, ತಿರುಪು ಬಿಚ್ಚಿ ತಂದಿದ್ದರು. ಎಲ್ಲ ಹೇಳಿದರು. ಹಿಂದಿನ ದಿನ ಊಟಕ್ಕೆ ಕೂತಾಗ ಹೆಂಡತಿಗೆ ಹೇಳಿದ್ದರಂತೆ. ಅವರು ಮನೆಯಲ್ಲೇ ಹೊಲಿಗೆ ಮಾಡುವ ಹೆಂಗಸು. ಕೈಯಲ್ಲಿದ್ದ ಸೌಟು ಕೆಳಗಿಟ್ಟು, "ನಾಳೆ ನೀವು ಹೋಗಿ ಹೇಳದಿದ್ರೆ ನಾನೇ ಹೋಗ್ತೀನಿ" ಎಂದರಂತೆ.

"ತಂಗಿ ಮೇಜು ಖಾಲಿ ಇರೋದು ಕಾಣ್ತಿತ್ತು," ಎಂದರು ಮಾಮ. "ಆದ್ರೂ ಖುಷಿಯಾಗಿದ್ದೆ ಸಾರ್. ಎಷ್ಟೋ ವರ್ಷ ಆದ್ಮೇಲೆ ಎಲ್ಲಾ ನನ್ನ ಸುತ್ತ ನಿಂತ್ಕೊಂಡಿದ್ರು. ಹೇಳ್ಬಿಟ್ರೆ ಅದು ಹೋಗುತ್ತಲ್ಲಾ ಅನ್ನಿಸ್ತು. ಐದು ದಿನ ಹಂಗೇ ಇದ್ದೆ. ನನ್ನ ಮುಖ ನನಗೇ ನೋಡ್ಕೊಳ್ಳೋಕಾಗ್ತಿಲ್ಲ."

ಮೂವತ್ತು ವರ್ಷ ದೊಡ್ಡವರು ನನ್ನನ್ನು ಸಾರ್ ಎನ್ನುತ್ತಾ ನಿಂತಿದ್ದರು. ಕೂರಿ ಎನ್ನಲು ಕೋಣೆಯಲ್ಲಿ ಇನ್ನೊಂದು ಕುರ್ಚಿ ಇರಲಿಲ್ಲ.

"ಕಾರ್ಡಿಗೆ ಯಾಕೆ ಬರ್ಲಿಲ್ಲ ಮಾಮ?" ಎಂದು ಕೇಳಿದೆ. ಅವರು ಕೈಯನ್ನು ಜೇಬಿಗೆ ಇಳಿಸಿಕೊಂಡರು. ನನ್ನನ್ನು ನೋಯಿಸಬಾರದೆಂದು ಸುಮ್ಮನಿದ್ದಾರೆ ಎಂದು ಗೊತ್ತಾಯಿತು.

"ಸರಿ, ನಾನು ನೋಡ್ಕೋತೀನಿ. ನೀವು ಯಾರಿಗೂ ಹೇಳ್ಬೇಡಿ" ಎಂದೆ.

ನೋಡಿಕೊಳ್ಳಲಿಲ್ಲ. ಇದನ್ನು ಎಷ್ಟು ಸುತ್ತಿ ಬಳಸಿ ಹೇಳಿದರೂ ಅಷ್ಟೆ. ಮ್ಯಾನೇಜರ್ ಹತ್ತಿರ ಹೋದರೆ ಅರವತ್ತನಾಲ್ಕು ಗುರುತಿನಲ್ಲಿ ಒಂದು ಸುಳ್ಳು ಎಂಬುದು ಹೊರಬರುತ್ತದೆ. ಓದದ ಹಾಳೆಗಳು, ನಾನು ತೆರೆದಿಟ್ಟ ಆ ದಾರಿ, ಎಲ್ಲ ಹೊರಬರುತ್ತದೆ. ಬುಧವಾರ ಮೆಷಿನ್ನುಗಳನ್ನು ಬ್ಯಾಕಪ್ಪಿನಿಂದ ಎಬ್ಬಿಸುವ ಕೆಲಸವಿದೆ ಎಂದುಕೊಂಡೆ. ಗುರುವಾರವೂ ಅದನ್ನೇ ಅಂದುಕೊಂಡೆ. ಗುರುವಾರ ಮಧ್ಯಾಹ್ನ ತಂಗಿಯ ಮನೆಗೆ ಕೆಲಸದಿಂದ ತೆಗೆದ ಕಾಗದ ಹೋಯಿತು. ಆ ಕಾಗದ ನನ್ನ ಕೋಣೆಯ ಪ್ರಿಂಟರಿನಲ್ಲೇ ಅಚ್ಚಾಯಿತು. ಬಿಸಿಬಿಸಿ ಹಾಳೆಯನ್ನು ಮ್ಯಾನೇಜರ್ ಮೇಜಿಗೆ ಮುಟ್ಟಿಸಿದವನೂ ನಾನೇ.

ಶುಕ್ರವಾರ ಮೆಷಿನ್ನುಗಳೆಲ್ಲ ಎದ್ದಿದ್ದವು. ಮಾಮನನ್ನು ಹೊಗಳಲೆಂದು ಮಾಲೀಕರು ಎಲ್ಲರನ್ನೂ ಶೆಡ್ಡಿನಲ್ಲಿ ಸೇರಿಸಿದರು. ಚಪ್ಪಾಳೆ ಬಿತ್ತು. ಎರಡು ಮಾತಾಡಿ ಎಂದರು. ಅಷ್ಟರಲ್ಲಿ ಕಾಗದದ ಸುದ್ದಿ ಮಾಮನಿಗೆ ಮುಟ್ಟಿತ್ತು. ಅವರು ಎರಡು ಮಾತಿನ ಬದಲು ಎಲ್ಲ ಮಾತನ್ನೂ ಆಡಿದರು, ಬೆರಳಿನಿಂದ ಹಿಡಿದು ಫೋನಿನ ತನಕ. ನನ್ನ ತಮಾಷೆಯನ್ನು ಬಿಟ್ಟರು. ಮಂಗಳವಾರವನ್ನೂ ಬಿಟ್ಟರು.

ಮ್ಯಾನೇಜರ್ ನನ್ನ ಕಡೆ ತಿರುಗಿದರು. "ನಿಮಗಿದು ಗೊತ್ತಿತ್ತಾ?"

"ಇಲ್ಲ ಸಾರ್. ಈಗಲೇ ಕೇಳ್ತಿರೋದು."

ನೆಲ ಬಾಯಿ ಬಿಟ್ಟು ನುಂಗಬಾರದೇ ಎನ್ನಿಸಿತು, ಆದರೆ ಮಾತು ಆಗಲೇ ಹೊರಗೆ ಬಂದಿತ್ತು. ಮ್ಯಾನೇಜರ್ ಮಾಮನನ್ನು ಕೇಳಿದರು, "ಇದಕ್ಕೂ ಮೊದ್ಲು ಯಾರಿಗಾದ್ರೂ ಹೇಳಿದ್ರಾ?" ಮಾಮ ನನ್ನನ್ನು ನೋಡಿದರು. ಸಿಟ್ಟಿನ ನೋಟವಾಗಿದ್ದರೆ ಸಹಿಸಬಹುದಿತ್ತು.

"ಇಲ್ಲ," ಎಂದರು. "ಇವತ್ತೇ ಮೊದ್ಲು."

ತಂಗಿಯ ಕಾಗದವನ್ನು ಅಂದೇ ಹಿಂದಕ್ಕೆ ಪಡೆದರು. ಪಾಸ್‌ವರ್ಡು ಕೊಟ್ಟ ತಪ್ಪಿಗೆ ಕಾಯಂ ಆಗುವುದು ಒಂದು ವರ್ಷ ಮುಂದಕ್ಕೆ ಹೋಯಿತು. ಆಕೆಯ ತಾಯಿಯ ಕಣ್ಣು ಆ ವರ್ಷವನ್ನೂ ಕಾಯಬೇಕಾಯಿತು. ಇನ್ನು ಮಾಮನ ವಿಷಯ. "ಫೋನಲ್ಲಿ ಮೋಸ ಹೋಗಿದ್ದು ಬೇರೆ ಮಾತು. ಒಬ್ಬಳ ಕೆಲಸ ಹೋಗೋ ತನಕ ಬಾಯಿಗೆ ಬೀಗ ಹಾಕ್ಕೊಂಡಿದ್ರಲ್ಲ, ಅದನ್ನ ಹೇಗೆ ಬಿಡೋದು" ಎಂದರು ಮ್ಯಾನೇಜರ್. ಒಂಬತ್ತು ತಿಂಗಳು ಮೊದಲೇ ಮನೆಗೆ ಕಳಿಸುವುದೆಂದಾಯಿತು. ವರದಿ ಹೊಸದಾಗಿ ಬರೆಯಿರಿ ಎಂದು ನನಗೆ ಹೇಳಿದರು.

ಬರೆದೆ. "ವಿಷಯ ತಿಳಿದಿದ್ದೂ ಎಂಟು ದಿನ ಮುಚ್ಚಿಟ್ಟಿದ್ದಾರೆ" ಎಂಬ ಸಾಲು ಬರೆಯುವಾಗ ಕೈ ಒಮ್ಮೆ ನಿಂತಿತು. ಆಮೇಲೆ ಮುಂದೆ ಹೋಯಿತು. ಸಹಿಗೆ ಮಾಮನನ್ನು ನನ್ನ ಕೋಣೆಗೇ ಕರೆಸಿದರು. ಅವರು ಕನ್ನಡಕ ಹಾಕಿಕೊಂಡು ಪ್ರತಿ ಸಾಲನ್ನೂ ಓದಿದರು. ಎಂಟು ದಿನ ಎಂಬ ಸಾಲಿನ ಮೇಲೆ ಬೆರಳನ್ನು ಒಮ್ಮೆ ಜಾರಿಸಿದರು.

"ತಂಗಿ ಸೋಮವಾರ ಬರ್ತಾಳಲ್ವಾ?" ಎಂದು ಕೇಳಿದರು.

"ಬರ್ತಾರೆ ಮಾಮ."

ಪೆನ್ನು ತೆಗೆದುಕೊಂಡು ಸಹಿ ಹಾಕಿದರು. ಎಂಟನ್ನು ಐದು ಎಂದು ತಿದ್ದಲು ನನಗೆ ಅವರು ಬಾಗಿಲು ದಾಟುವ ತನಕ ಸಮಯವಿತ್ತು. ತಿದ್ದಲಿಲ್ಲ.