ಕಾಪುವಿನ ಅನೌನ್ಸರ್ ತಂದ ಟೇಪು

ನಾನು ನಿಂತಿದ್ದದ್ದು ಉಡುಪಿಯ ಬನ್ನಂಜೆಯ ಒಂದು ಕಂಪ್ಯೂಟರ್ ರಿಪೇರಿ ಅಂಗಡಿಯ ಹಿಂದಿನ ಕೋಣೆಯಲ್ಲಿ, ಮೇಜಿನ ಎಡಬದಿಗೆ, ಕಿಟಕಿಗೆ ಬೆನ್ನು ಹಾಕಿ. ಹೋದ ವರ್ಷದ ಹಿಂದಿನ ವರ್ಷ, ತುಳುವರ ಸೋಣ ತಿಂಗಳ ಒಂದು ಭಾನುವಾರ, ಬೆಳಗ್ಗೆ ಹನ್ನೊಂದರ ಹೊತ್ತು. ಮಳೆ ಆಗಷ್ಟೇ ಬಿಟ್ಟಿತ್ತು. ಮೇಜಿನ ಆಚೆ ಕಾಪುವಿನಿಂದ ಬಂದ ಗಂಡ ಹೆಂಡತಿ ಕುಳಿತಿದ್ದರು. ಅಂಗಡಿಯ ಯಜಮಾನರು ಬಾಗಿಲ ದಾರಂದಕ್ಕೆ ಒರಗಿ ನಿಂತಿದ್ದರು. ಅಲ್ಲಿ ಆದದ್ದನ್ನು ಆದ ಹಾಗೆ ಬರೆದಿಡುತ್ತಿದ್ದೇನೆ. ಬಾಯಲ್ಲಿ ಹೇಳಲು ಹೋದರೆ ನಡುವೆ ನಿಂತುಬಿಡುತ್ತೇನೆ. ಹೇಳಿಕೊಳ್ಳಲು ಹೆಚ್ಚು ಜನರೂ ನನಗಿಲ್ಲ.

ಗಂಡ ಹಿಂದೆ ಅನೌನ್ಸರ್ ಆಗಿದ್ದವರು. ಜೀಪಿನ ಮೇಲೆ ಧ್ವನಿವರ್ಧಕದ ಹಾರ್ನ್ ಕಟ್ಟಿ, ಕಾಪು, ಕಾರ್ಕಳ, ಉಡುಪಿಯ ರಸ್ತೆಗಳಲ್ಲಿ ಯಕ್ಷಗಾನ, ಪಂದ್ಯಾಟ, ಸೀರೆ ಅಂಗಡಿಯ ರಿಯಾಯಿತಿ ಎಲ್ಲವನ್ನೂ ಸಾರಿದವರು. ನಾನು ಬಾಗಲಕೋಟೆ ಕಡೆಯಿಂದ ಬಂದು ಪರ್ಕಳದಲ್ಲಿ ರೂಮು ಹಿಡಿದ ಹೊಸದರಲ್ಲಿ ಅಕ್ಕಪಕ್ಕದವರೆಲ್ಲ ತಮ್ಮತಮ್ಮಲ್ಲಿ ತುಳುವಿನಲ್ಲೇ ಮಾತಾಡುತ್ತಿದ್ದರು. ಕಿಟಕಿಯ ಕೆಳಗೆ ಹಾದುಹೋಗುತ್ತಿದ್ದ ಇವರ ಜೀಪು ಮಾತ್ರ ‘ತಾವೆಲ್ಲರೂ ಬರಬೇಕು’ ಎಂದು ಕನ್ನಡದಲ್ಲಿ ಕರೆಯುತ್ತಿತ್ತು. ಎಷ್ಟೋ ದಿನ ನನ್ನನ್ನು ಎಲ್ಲಿಗಾದರೂ ಕರೆದದ್ದು ಆ ದನಿ ಒಂದೇ.

ಆಮೇಲೆ ಅವರಿಗೆ ಗಂಟಲಿನ ಕ್ಯಾನ್ಸರ್ ಆಯಿತು. ಆಪರೇಷನ್ನಿನಲ್ಲಿ ಧ್ವನಿಪೆಟ್ಟಿಗೆಯನ್ನೇ ತೆಗೆದರು. ಕುತ್ತಿಗೆಯಲ್ಲಿ ಒಂದು ತೂತು, ಅದರ ಮೇಲೆ ಬಿಳಿ ಬಟ್ಟೆ. ಮಾತಿನ ಬದಲು ತುಟಿ ಆಡಿಸುತ್ತಿದ್ದರು, ಹೆಂಡತಿ ಅದನ್ನು ಓದಿ ಹೇಳುತ್ತಿದ್ದರು.

ಆ ಭಾನುವಾರಕ್ಕೆ ಮುಂಚೆ, ಅವರು ಮೊದಲ ಸಲ ಬಂದಾಗ, ಹಳೆಯ ಯಂತ್ರಗಳ ಕೆಲಸ ಬಲ್ಲವನೆಂದು ಯಜಮಾನರು ನನ್ನನ್ನು ಕರೆಸಿದ್ದರು. ಹೆಂಡತಿ ಕೈಚೀಲದಿಂದ, ಕಂಪ್ಯೂಟರಿನ ಫೈಲುಗಳನ್ನು ತುಂಬಿಡುವ ಒಂದು ಟೇಪ್ ಕಾರ್ಟ್ರಿಜ್ ತೆಗೆದು ಮೇಜಿನ ಮೇಲಿಟ್ಟರು. ಹಾಡಿನ ಕ್ಯಾಸೆಟ್ಟಿಗಿಂತ ದಪ್ಪ, ಅಡಿಯಲ್ಲಿ ಲೋಹದ ತಗಡು. ಕಾರ್ಕಳದ ಒಂದು ಸ್ಟುಡಿಯೋದಲ್ಲಿ ಅವರು ಮಾಡಿಸಿದ ರೆಕಾರ್ಡಿಂಗುಗಳ ನಕಲು ಅದರಲ್ಲಿತ್ತು. ಸ್ಟುಡಿಯೋ ಮುಚ್ಚುವಾಗ ಅಲ್ಲಿಯವರು ಇದನ್ನು ಇವರ ಕೈಗೆ ಕೊಟ್ಟಿದ್ದರು.

“ಬೇರೆ ಎಲ್ಲಿಯೂ ಇವರ ಸ್ವರ ಇಲ್ವಾ?” ಎಂದೆ.

“ಮದುವೆ ವಿಡಿಯೋ ಉಂಟು, ಅದಕ್ಕೆ ಪೂರ್ತಿ ಸಿನಿಮಾ ಹಾಡು ಹಾಕಿದ್ದಾರೆ. ಮೊಬೈಲಲ್ಲಿ ಉಂಟು, ಅಷ್ಟೊತ್ತಿಗೆ ಸ್ವರ ಕೂತಿತ್ತು.” ಸ್ವಲ್ಪ ತಡೆದು, ಗಂಡನ ಕಡೆ ನೋಡದೆ ಹೇಳಿದರು: “ನನ್ನ ತಂಗಿಯ ಹತ್ತಿರ ಒಮ್ಮೆ ಹೇಳಿದೆ, ನನಗೆ ಇವರ ಸ್ವರವೇ ನೆನಪಿಗೆ ಬರುದಿಲ್ಲ ಅಂತ. ಇವರು ಒಳಗಿಂದ ಕೇಳಿಸಿಕೊಂಡರು. ಅವತ್ತಿಂದ ಅಟ್ಟ ಎಲ್ಲ ಹುಡುಕಿದ್ದೇ ಹುಡುಕಿದ್ದು.”

ಗಂಡ ಬೆರಳಿನಿಂದ ಕಾರ್ಟ್ರಿಜ್ಜನ್ನು ನನ್ನ ಕಡೆ ಒಂದಿಷ್ಟು ಸರಿಸಿದರು.

“ಎಲ್ಲಿ ಇಟ್ಟಿದ್ದಿರಿ ಇದನ್ನು?”

“ಹಾರ್ನಿನ ಯೂನಿಟ್ ಇಡುವ ಪೆಟ್ಟಿಗೆಯಲ್ಲಿ. ಮಳೆಗಾಲದಲ್ಲಿ ಎಲ್ಲದಕ್ಕೂ ಬೂಷ್ಟು ಬರ್ತದೆ ಅಲ್ವಾ, ಆ ಪೆಟ್ಟಿಗೆಯೊಳಗೆ ಮಾತ್ರ ಇವರು ಬಲ್ಬ್ ಉರಿಸಿ ಇಡ್ತಿದ್ದರು. ನನ್ನ ಪಟ್ಟೆ ಸೀರೆಗೂ ಆ ಭಾಗ್ಯ ಇರಲಿಲ್ಲ.”

ಅಂಗಡಿಯ ಯಜಮಾನರು ನನ್ನ ಮುಖ ನೋಡಿದರು. ಹಾರ್ನಿನ ಯೂನಿಟ್ ಎಂದರೆ ಮುಷ್ಟಿಗಿಂತ ದೊಡ್ಡ ಅಯಸ್ಕಾಂತ. ಟೇಪಿನ ಮೇಲಿರುವುದೂ ಅಯಸ್ಕಾಂತದ್ದೇ ಬರಹ. ಮನೆಯಲ್ಲೇ ಅತಿ ಭದ್ರವಾದ ಜಾಗವೆಂದು ಅವರು ನಂಬಿದ್ದು, ಒಂದೊಂದೇ ಮಳೆಗಾಲ ಆ ದನಿಯನ್ನು ಒರೆಸುತ್ತಿದ್ದ ಜಾಗ. ನಾನು ಅದನ್ನು ಹೇಳಲಿಲ್ಲ. “ನೋಡ್ತೇನೆ” ಎಂದೆ.

“ಘಟ್ಟದ ಮೇಲಿನವರು ‘ನೋಡ್ತೇನೆ’ ಅಂದರೆ ಅರ್ಧ ಆದ ಹಾಗೆ ಅಕ್ಕ,” ಎಂದು ಯಜಮಾನರು ತೇಲಿಸಿದರು.

ಇಂಥ ಟೇಪು ಓದುವ ಡ್ರೈವ್ ಈಗ ಎಲ್ಲೂ ಸಿಗುವುದಿಲ್ಲ. ಮಣಿಪಾಲದ ಒಂದು ಕಚೇರಿಯಲ್ಲಿ ಪ್ರತಿ ಸಂಜೆ ಟೇಪ್ ಬದಲಿಸಿ ದಿನದ ಕೆಲಸದ ನಕಲು ತೆಗೆಯುವುದು ಒಂದು ಕಾಲಕ್ಕೆ ನನ್ನ ಕೆಲಸವಾಗಿತ್ತು. ಎಲ್ಲರೂ ಮನೆಗೆ ಹೋದ ಮೇಲೆ ಆ ಡ್ರೈವಿನ ಸದ್ದು ಕೇಳುತ್ತ ಕೂರುತ್ತಿದ್ದೆ. ಕಚೇರಿ ಅದನ್ನು ಗುಜರಿಗೆ ಹಾಕಿದಾಗ ನಾನು ಪರ್ಕಳದ ರೂಮಿಗೆ ತಂದು ಮಂಚದ ಕೆಳಗಿಟ್ಟಿದ್ದೆ.

ಹೊಸ ಕಂಪ್ಯೂಟರಿಗೆ ಅದನ್ನು ಜೋಡಿಸಲಾಗುವುದಿಲ್ಲ. ಫ್ಲಾಪಿ ಡ್ರೈವಿನ ಕೇಬಲ್ಲು ಬೇಕು. ಯಜಮಾನರ ಗೋದಾಮಿನಲ್ಲಿ ಒಂದು ಹಳೆಯ ಯಂತ್ರ ಇತ್ತು. ಅದರ ಒಳಗಿನ ಸಣ್ಣ ಬ್ಯಾಟರಿ ಸತ್ತಿದ್ದರಿಂದ, ತನಗೆ ಫ್ಲಾಪಿ ಇದೆ ಎನ್ನುವುದನ್ನೂ ಅದು ಮರೆತಿತ್ತು. ಬ್ಯಾಟರಿ ಬದಲಿಸಿ ನೆನಪು ಮಾಡಿಸಿದೆ. ಆದರೂ ಡ್ರೈವ್ ಕಾಣಿಸಲಿಲ್ಲ. ಕೇಬಲನ್ನು ತಿರುಗಿಸಿ ಹಾಕಿದ ಮೇಲೆ ಹಸಿರು ದೀಪ ಒಮ್ಮೆ ಮಿಣುಕಿತು.

ಟೇಪನ್ನು ಒಳಗೆ ಹಾಕುವ ಧೈರ್ಯ ಇನ್ನೂ ಇರಲಿಲ್ಲ. ಟೇಪನ್ನು ಓಡಿಸುವ ರಬ್ಬರ್ ಗಾಲಿ ಕರಗಿ ಹಲಸಿನ ಮೇಣದ ಹಾಗೆ ಅಂಟಾಗಿತ್ತು. ಸ್ಪಿರಿಟ್ ಹಚ್ಚಿ ಅದನ್ನು ಪೂರ್ತಿ ಕೆರೆದು ತೆಗೆದು, ಮೀನಿನ ತೊಟ್ಟಿಗೆ ಗಾಳಿ ಬಿಡುವ ಪೈಪಿನ ತುಂಡೊಂದನ್ನು ಅಲ್ಲಿ ಬಿಗಿದೆ. ಕಾರ್ಟ್ರಿಜ್ಜಿನ ಒಳಗೆ ಸುರುಳಿಗಳನ್ನು ಎಳೆಯುವ ಪಟ್ಟಿ ಬಲ್ಬಿನ ಬಿಸಿಗೆ ಸಡಿಲವಾಗಿತ್ತು. ನನ್ನದೇ ಒಂದು ಖಾಲಿ ಕಾರ್ಟ್ರಿಜ್ಜಿನ ಪಟ್ಟಿ ಬಿಚ್ಚಿ ಇದಕ್ಕೆ ಹಾಕಿದೆ. ಕೈ ತಪ್ಪಿದರೆ ಟೇಪು ಹರಿಯುತ್ತಿತ್ತು. ಆಗ ಆ ಮನುಷ್ಯನ ಸ್ವರ ಈ ಲೋಕದಲ್ಲಿ ಎಲ್ಲಿಯೂ ಇರುತ್ತಿರಲಿಲ್ಲ.

ಆ ಭಾನುವಾರ ಇಬ್ಬರೂ ಬಂದು ಕುಳಿತ ಮೇಲೆ ಟೇಪು ಹಾಕಿದೆ. ಮೊದಲು ಒಂದು ತುದಿಯಿಂದ ಇನ್ನೊಂದು ತುದಿಗೆ ಸುಮ್ಮನೆ ಓಡಿಸಿದೆ, ಬಿಗಿ ಸರಿಯಾಗಲೆಂದು. ಆಮೇಲೆ ಓದಿಸಿದೆ. ಫೈಲುಗಳ ಹೆಸರು ಪರದೆಯ ಮೇಲೆ ಬಂದವು. ಮೊದಲನೆಯದು ಬರಲಿಲ್ಲ. ಎರಡನೆಯದೂ ಬರಲಿಲ್ಲ. ಡ್ರೈವ್ ಹಿಂದೆ ಹೋಗಿ, ಮುಂದೆ ಬಂದು, ಮತ್ತೆ ಹಿಂದೆ ಹೋಗಿ, ಸೋತು ನಿಲ್ಲುತ್ತಿತ್ತು. ಆಗ ಅಯಸ್ಕಾಂತದ ವಿಷಯ ಹೇಳಿದೆ. ಹೇಳದೆ ಬೇರೆ ದಾರಿ ಇರಲಿಲ್ಲ. ಗಂಡ ತಲೆ ಎತ್ತಲಿಲ್ಲ.

ಒಂದೇ ಒಂದು ಫೈಲು ಪೂರ್ತಿ ಬಂತು. ಸ್ಪೀಕರ್ ಹಚ್ಚಿದೆ.

“ಕ್ರೀಡಾಭಿಮಾನಿಗಳೇ! ಬೆಳ್ಮಣ್ಣಿನ ಶಾಲಾ ಮೈದಾನದಲ್ಲಿ ಹೊನಲು ಬೆಳಕಿನ ವಾಲಿಬಾಲ್ ಪಂದ್ಯಾಟ! ಬನ್ನಿ, ನೋಡಿ, ಪ್ರೋತ್ಸಾಹಿಸಿ!”

ಅದೇ ದನಿ. ಗಂಡ ಎದ್ದು ನಿಂತರು. ಬಲಗೈ ಮೈಕು ಹಿಡಿದ ಹಾಗೆ ಬಾಯಿಯ ಹತ್ತಿರ ಹೋಯಿತು. ತುಟಿಗಳು ಸ್ಪೀಕರಿನ ಜೊತೆಗೇ ಆಡಿದವು, ಉಸಿರು ತೆಗೆದುಕೊಳ್ಳುವ ಜಾಗವೂ ತಪ್ಪದೆ. ನಾನು ಇದನ್ನು ಎರಡು ಮಾರು ದೂರದಿಂದ ನೋಡಿದೆ.

ಹೆಂಡತಿ ಮಾತ್ರ ಕೈ ಕಟ್ಟಿ ಕುಳಿತೇ ಇದ್ದರು. “ಇದು ಮೈಕಿನ ಸ್ವರ,” ಎಂದರು ಮೆಲ್ಲಗೆ. “ಇದು ಊರಿಗೆಲ್ಲ ಗೊತ್ತುಂಟು. ಮನೆಯದ್ದು ಇದಲ್ಲ.”

ಗಂಡನ ಕೈ ಕೆಳಗಿಳಿಯಿತು. ನಾನು ನಿಲ್ಲಿಸಬೇಕೆಂದು ಮೌಸಿನ ಮೇಲೆ ಕೈ ಇಟ್ಟೆ. ಆದರೆ ಫೈಲು ಮುಗಿದಿರಲಿಲ್ಲ. ಕುರ್ಚಿ ಸರಿದ ಸದ್ದಾಯಿತು. ಸ್ಟುಡಿಯೋದವರು ಮೈಕು ಆರಿಸುವುದು ತಡವಾಗಿರಬೇಕು. ತಗ್ಗಿದ, ಸ್ವಲ್ಪ ದಣಿದ ಸ್ವರದಲ್ಲಿ ಒಬ್ಬ ಗಂಡಸು ತುಳುವಿನಲ್ಲಿ, “ಆಂಡಾ? ಯಾನ್ ಪೋಪೆ,” ಎಂದ. ಆಯಿತಾ, ನಾನು ಹೋಗುತ್ತೇನೆ, ಎಂದು.

“ಬರ್ಪೆ ಪನ್ಲೆ,” ಎಂದರು ಹೆಂಡತಿ.

ಯೋಚಿಸಿ ಹೇಳಿದ್ದಲ್ಲ. ಒಲೆಯ ಮುಂದಿನಿಂದ ತಿರುಗದೆಯೇ ಹೇಳುವ ಹಾಗೆ, ಸ್ವಲ್ಪ ಗದರಿ ಹೇಳಿದರು: ಬರುತ್ತೇನೆ ಅನ್ನಿ. ಹೊರಡುವವರು ಹೋಗುತ್ತೇನೆ ಎನ್ನಬಾರದು. ನಮ್ಮ ಕಡೆಯೂ ಅಷ್ಟೇ. ನನ್ನ ರೂಮಿನ ಬೀಗ ಹಾಕುವಾಗ ಎರಡರಲ್ಲಿ ಯಾವುದನ್ನೂ ಹೇಳಲು ಯಾರೂ ಇರುವುದಿಲ್ಲ, ಅದಕ್ಕೇ ಇರಬೇಕು, ಆ ಎರಡು ಶಬ್ದ ನನಗೆ ಅರ್ಥವಾಗಲು ಯಾರ ಸಹಾಯವೂ ಬೇಕಾಗಲಿಲ್ಲ.

ಹೇಳಿದ ಮೇಲೆ ಹೆಂಡತಿಗೆ ತಾನು ಉತ್ತರ ಕೊಟ್ಟದ್ದು ಯಾರಿಗೆ ಎಂದು ತಿಳಿಯಿತು. ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಗಂಡ ಅವರ ಕಡೆ ತಿರುಗಿದರು. ತುಟಿ ಒಂದು ಸಲ ಆಡಿತು. ತುಟಿ ಓದಲು ನನಗೆ ಬರುವುದಿಲ್ಲ, ಆದರೆ ಆ ಶಬ್ದ ‘ಬರ್ಪೆ’ ಆಗಿತ್ತು. ಸದ್ದು ಬರಲಿಲ್ಲ. ಹೆಂಡತಿ ತಲೆಯಾಡಿಸಿದರು.

ಆ ಫೈಲನ್ನು ಅವರ ಮೊಬೈಲಿಗೆ ಹಾಕಿಕೊಟ್ಟೆ. ಹೆಂಡತಿಯ ಮಾತು ಅದರಲ್ಲಿಲ್ಲ, ಗಂಡನ ತುಟಿಯೂ ಇಲ್ಲ.

ಮುಂದಿನ ಮಳೆಗಾಲಕ್ಕೆ ಮೊದಲೇ ಗಂಡ ತೀರಿಕೊಂಡರು. ಆ ಕೋಣೆಯಲ್ಲಿ ಇದನ್ನು ಕಂಡವರಲ್ಲಿ ಹೆಂಡತಿ ಇದ್ದಾರೆ, ಕಾಪುವಿನಲ್ಲೇ, ತಂಗಿಯ ಮನೆಯ ಹತ್ತಿರ. ಅಂಗಡಿಯ ಯಜಮಾನರು ಇದ್ದಾರೆ, ಈಗ ಮಸ್ಕತ್ತಿನಲ್ಲಿ. ನಾನಿದ್ದೇನೆ.