ತಕ್ಕಡಿ ಅಕ್ಕ ಮಾಡಿದ ಹಗುರ ಸೀಟು

ಬಸ್ಸಿನ ಬಾಡಿ ಕಟ್ಟುವ ಶೆಡ್ಡಿನಲ್ಲಿ ಇಪ್ಪತ್ತೆರಡು ವರ್ಷ ವೆಲ್ಡಿಂಗ್ ಮಾಡಿದ ಅವರನ್ನು ಎಲ್ಲರೂ ತಕ್ಕಡಿ ಅಕ್ಕ ಎಂದೇ ಕರೆಯುತ್ತಿದ್ದರು. ಕೈಗೆ ಸಿಕ್ಕಿದ್ದನ್ನೆಲ್ಲ ತೂಗಿ ನೋಡದಿದ್ದರೆ ಅವರಿಗೆ ಸಮಾಧಾನವಿಲ್ಲ.

ಆ ವರ್ಷ ಶೆಡ್ಡಿನ ಮೊದಲ ಬ್ಯಾಟರಿ ಬಸ್ಸು ತಯಾರಾಯಿತು. ಪರೀಕ್ಷೆಯ ದಿನ, ಡಿಪೋ ಇನ್ನೂ ಎರಡು ಕಿಲೋಮೀಟರ್ ಇರುವಾಗಲೇ ಚಾರ್ಜು ಮುಗಿದು ನಿಂತುಬಿಟ್ಟಿತು. ಇಂಜಿನಿಯರ್ ತಲೆ ಮೇಲೆ ಕೈ ಹೊತ್ತು ಕೂತರು.

"ಇನ್ನೂ ದೊಡ್ಡ ಬ್ಯಾಟರಿ ಹಾಕ್ಬೇಕು, ಅಷ್ಟೆ."

"ಅದರ ಭಾರಾನೂ ಬಸ್ಸೇ ಹೊರಬೇಕಲ್ವಾ ಸಾರ್? ಮೊದಲು ಇರೋ ಭಾರ ಇಳಿಸೋಣ," ಎಂದ ಅಕ್ಕ ಒಂದು ಸೀಟು ಬಿಚ್ಚಿ ತೂಗಿದರು. ಹದಿನೆಂಟು ಕಿಲೋ! ಅಂಥವು ನಲವತ್ತು.

ಮೂರು ವಾರ ಪಟ್ಟುಹಿಡಿದು ಅಲ್ಯೂಮಿನಿಯಂ ಕೊಳವೆಯಲ್ಲಿ ಹನ್ನೊಂದು ಕಿಲೋದ ಸೀಟು ಮಾಡಿದರು. ಶೆಡ್ಡಿಗೆಲ್ಲ ದಪ್ಪಗಿದ್ದ ಡ್ರೈವರ್ ಮಾವ ಕೂತದ್ದೇ ತಡ, ಸೀಟಿನ ಕಾಲು ಲಟಕ್ಕೆಂದು ಮುರಿದು ಅವರು ನೆಲ ಕಂಡರು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಅಕ್ಕ ಮಾತ್ರ ಮಂಡಿಯೂರಿ ಮುರಿದ ಜಾಗವನ್ನೇ ನೋಡುತ್ತಿದ್ದರು.

"ಬೆಸುಗೆ ಪಕ್ಕದಲ್ಲೇ ಮುರಿದಿದೆ. ಬೆಸುಗೆ ಬಿಸಿಗೆ ಕೊಳವೆ ಮೆತ್ತಗಾಗಿದೆ. ಇಲ್ಲಿ ನನ್ನ ಬೆಸುಗೇನೇ ಬೇಡ, ಒಂದೇ ಕೊಳವೆ ಬಗ್ಗಿಸ್ತೀನಿ. ಮಾವ, ನಾಳೆ ಮತ್ತೆ ಬನ್ನಿ."

"ಬರ್ತೀನಿ ತಾಯಿ, ಹಿಂದೆ ದಿಂಬು ಕಟ್ಕೊಂಡು ಬರ್ತೀನಿ!"

ಮರುದಿನ ಮಾವ ಕೂತರು, ಕುಪ್ಪಳಿಸಿದರು, ಸೀಟು ಜಗ್ಗಲಿಲ್ಲ. ನಲವತ್ತೂ ಸೀಟು ಬದಲಾದ ಮೇಲೆ, ಬಸ್ಸು ಅದೇ ಬ್ಯಾಟರಿಯಲ್ಲಿ ಡಿಪೋ ಒಳಗೇ ಬಂದು ನಿಂತಿತು.

ಇಂಜಿನಿಯರ್ ಸೀಟಿನ ನಕ್ಷೆ ತಂದು, ವಿನ್ಯಾಸ ಮಾಡಿದವರ ಹೆಸರಿನ ಜಾಗದಲ್ಲಿ ಬೆರಳಿಟ್ಟರು. "ಇಲ್ಲಿ ನಿಮ್ಮ ಹೆಸರು ಬರೀರಿ ಅಕ್ಕ."

ಅಕ್ಕ ಕೈ ಒರೆಸಿಕೊಂಡು, ಒಂದೊಂದೇ ಅಕ್ಷರ ದುಂಡಗೆ ಬರೆದರು.