ಅನ್‌ಫಿಟ್ ಆಗಲಾರದ ಭಾವ

ಇಂಗ್ಲಿಷಿನಿಂದ ನಮ್ಮ ಮನೆಗೆ ಬಂದು, ಬಾಡಿಗೆ ಕೊಡದೆ, ಹಜಾರದಿಂದ ಬಚ್ಚಲಿನವರೆಗೂ ಓಡಾಡಿಕೊಂಡಿರುವ ಪದ ಅಂದರೆ ‘ಫಿಟ್’. ಬಲ್ಬನ್ನು ಫಿಟ್ ಮಾಡುತ್ತೇವೆ. ಹೋದ ವರ್ಷದ ಪ್ಯಾಂಟು ಈ ವರ್ಷ ನನಗೆ ಫಿಟ್ ಆಗುವುದಿಲ್ಲ, ಪ್ಯಾಂಟಿನದೇನೂ ತಪ್ಪಿಲ್ಲ. ಪಕ್ಕದ ಮನೆಯಾತ ಸಂಜೆ ಗೋಡೆ ಹಿಡಿದುಕೊಂಡು ಬಂದರೆ ‘ಫುಲ್ ಫಿಟ್’. ಕಚೇರಿಯಲ್ಲಿ ಒಬ್ಬನ ಮೇಲೆ ಇನ್ನೊಬ್ಬ ಚಾಡಿ ಹೇಳಿದರೆ ಅದು ‘ಫಿಟ್ಟಿಂಗ್ ಇಡೋದು’. ‘ಯಾವುದಕ್ಕೂ ಫಿಟ್ ಇಲ್ಲ’ ಅಂತ ಅಪ್ಪ ನನ್ನ ಬಗ್ಗೆ ಹೇಳುತ್ತಿದ್ದರು. ನಾನು ಹಾಸ್ಯ ಬರೆಯಲು ಶುರುಮಾಡಿದ ಮೇಲೆ ಅವರಿಗೆ ಖಾತ್ರಿಯಾಯಿತು.

ಆದರೆ ಈ ಪದವನ್ನು ಹೆಗಲ ಮೇಲೆ ಹೊತ್ತು ಬಾಳಿದವರು ನನ್ನ ಅಕ್ಕನ ಗಂಡ. ಭಾವ ಬಸ್ ಡಿಪೋದಲ್ಲಿ ಫಿಟ್ಟರ್. ಅವರಿಗೆ ಫಿಟ್ಸ್ ಇತ್ತು. ವರ್ಷಕ್ಕೆ ಒಂದೋ ಎರಡೋ ಸಲ, ರಾತ್ರಿ ಪಾಳಿ ಮುಗಿಯುವ ಹೊತ್ತಿಗೆ, ನಿದ್ದೆಗೆಟ್ಟ ಮೈ ಸೆಟೆದು ಬಿದ್ದುಬಿಡುತ್ತಿದ್ದರು. ಬಸ್ಸಿನ ಅಡಿಯ ಗುಂಡಿಯಲ್ಲಿ ನಿಂತು ಮಾಡುವ ಕೆಲಸ. ಅಂಥವರನ್ನು ಅಲ್ಲಿಗೆ ಇಳಿಸುವಂತಿಲ್ಲ. ಹೊಸದರಲ್ಲಿ ಗೊತ್ತಾಗಿದ್ದರೆ ಬರಿಗೈಯಲ್ಲಿ ಮನೆಗೆ ಕಳಿಸುತ್ತಿದ್ದರು. ಅದಕ್ಕೇ ಭಾವ ಮುಚ್ಚಿಟ್ಟರು.

ಒಬ್ಬರೇ ಅಲ್ಲ, ಇಡೀ ಪಾಳಿಯೇ ಸೇರಿ ಮುಚ್ಚಿಟ್ಟಿತು. ಬೀಳುವ ಮುಂಚೆ ಭಾವನ ಎಡಗೈ ಬೆರಳು ಅದರುತ್ತಿತ್ತಂತೆ. ಅದು ಕಂಡ ಕೂಡಲೇ ಮೇಸ್ತ್ರಿ “ಟೀ ಬಂತು” ಅಂತ ಕೂಗುತ್ತಿದ್ದ. ಇಬ್ಬರು ಭಾವನನ್ನು ಗುಂಡಿಯಿಂದ ಎತ್ತಿ ಹಳೇ ಟೈರುಗಳ ಹಿಂದೆ ಮಲಗಿಸುತ್ತಿದ್ದರು. ಮೇಸ್ತ್ರಿ ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೈಗೊಂದು ಸ್ಪ್ಯಾನರ್ ಹಿಡಿಸುತ್ತಿದ್ದ. ಗ್ಯಾರೇಜಿನ ವೈದ್ಯಶಾಸ್ತ್ರದಲ್ಲಿ ಸಕಲ ರೋಗಕ್ಕೂ ಸ್ಪ್ಯಾನರೇ ಮದ್ದು. ಉಳಿದವರು ಸೂಪರ್‌ವೈಸರ್ ಕಿವಿಗೆ ಏನೂ ಬೀಳದ ಹಾಗೆ ಬಂಪರುಗಳ ಮೇಲೆ ಸುತ್ತಿಗೆ ಬಡಿಯುತ್ತಿದ್ದರು. ವರ್ಷ ವರ್ಷವೂ ತಪಾಸಣೆಯಲ್ಲಿ ಭಾವ ಫಿಟ್.

ಊರಿನ ಇನ್ನೊಂದು ತುದಿಯ ಡಾಕ್ಟರ ಹತ್ತಿರ ಗುಳಿಗೆಗೆ ಹೋಗುವಾಗ ಭಾವ ನನ್ನ ಹೆಸರು ಹೇಳಿಕೊಳ್ಳುತ್ತಿದ್ದರು. ನನ್ನ ಹೆಸರು ಯಾರಿಗಾದರೂ ಉಪಯೋಗಕ್ಕೆ ಬಂದದ್ದು ಅದೊಂದೇ ಕಡೆ. ಮಗಳಿಗೂ ವಿಷಯ ತಿಳಿಸಲಿಲ್ಲ. ಅದು ಅಕ್ಕನ ಕಟ್ಟಪ್ಪಣೆ. “ನಾಳೆ ಅವಳನ್ನ ನೋಡೋಕೆ ಬಂದೋರು, ವಂಶದಲ್ಲೇ ಇದೆ ಅಂತ ಎದ್ದು ಹೋಗ್ತಾರೆ.”

ಆ ಮಗಳು ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ, ಚಪ್ಪಲಿ ಸವೆಸಿ, ಕೆಲಸ ಸಿಗದೆ ಮನೆಯ ಮಿಕ್ಸಿ ಬಿಚ್ಚಿ ಜೋಡಿಸುತ್ತಾ ಕೂತಿದ್ದಳು. ಡಿಪೋದಲ್ಲಿ ಒಂದು ನಿಯಮವಿತ್ತು: ಹಳೇ ನೌಕರನನ್ನು ವೈದ್ಯರ ಮಂಡಳಿ ಅನ್‌ಫಿಟ್ ಅಂದರೆ ಅವನ ಮನೆಯ ಒಬ್ಬರಿಗೆ ಕೆಲಸ. ಒಂದು ಬೆಳಗ್ಗೆ ಮಗಳು ಹೊರಗೆ ಹೋದದ್ದು ನೋಡಿಕೊಂಡು ಭಾವ ತಿಂಡಿ ತಟ್ಟೆ ಸರಿಸಿ, “ನಿಜ ಹೇಳಿಬಿಡ್ತೀನಿ” ಅಂದರು.

“ಇಷ್ಟು ವರ್ಷ ಇಲ್ಲದ್ದು ಈಗ್ಯಾಕೆ?” ಅಂದಳು ಅಕ್ಕ.

“ಈ ಕಾಯಿಲೆಗೆ ಇಷ್ಟು ವರ್ಷ ಕೂಳು ಹಾಕಿದೀನಿ. ಅದೂ ಒಂದಿನ ದುಡೀಲಿ.”

ಅಕ್ಕ ಮನಸ್ಸಿನಲ್ಲೇ ತೂಗಿ ನೋಡಿದಳು. ಕಾಯಂ ಕೆಲಸ ಇರುವ ಹುಡುಗಿಯ ವಂಶವನ್ನು ಯಾರೂ ಅಷ್ಟು ಕೆದಕುವುದಿಲ್ಲ. ಒಪ್ಪಿದಳು. ಅರ್ಜಿ ಹೋಯಿತು.

ಮಂಡಳಿಯವರು ಭಾವನನ್ನು ಕೆಲವು ದಿನ ಆಸ್ಪತ್ರೆಯಲ್ಲೇ ಇಟ್ಟುಕೊಂಡು ತಲೆತುಂಬ ತಂತಿ ಅಂಟಿಸಿದರು. ಭಾವ ಬೇಕಂತಲೇ ಗುಳಿಗೆ ಬಿಟ್ಟಿದ್ದರು. ಆದರೆ ಹೊತ್ತಿಗೆ ಸರಿಯಾಗಿ ಊಟ, ಮೆತ್ತನೆ ಹಾಸಿಗೆ, ಪಾಳಿಗೆ ಎಬ್ಬಿಸುವವರಿಲ್ಲ. ನೌಕರಿಗೆ ಸೇರಿದ ಮೇಲೆ ಮೊದಲ ಸಲ ಕಣ್ತುಂಬ ನಿದ್ದೆ ಮಾಡಿದರು. ನೋಡಲು ಹೋದ ನಾನು ಅವರ ಮುಖದ ಕಳೆ ಕಂಡೇ ಕೆಲಸ ಕೆಟ್ಟಿತು ಅಂದುಕೊಂಡೆ.

“ಬಂತಾ ಭಾವ?”

“ಇಲ್ಲ ಕಣಯ್ಯ. ಕರೀದೇ ಬರೋ ನೆಂಟ, ಕರೆದರೆ ಬರ್ತಾನಾ?”

ತಂತಿಯಲ್ಲಿ ಏನೂ ಸಿಗಲಿಲ್ಲ, ಗುಳಿಗೆ ಚೀಟಿಗಳೆಲ್ಲ ನನ್ನ ಹೆಸರಿನಲ್ಲಿದ್ದವು. ಹಾಗಾದರೆ ಕೆಲಸದ ಜಾಗದಲ್ಲಿ ಕಣ್ಣಾರೆ ಕಂಡವರು ಬಂದು ಹೇಳಲಿ, ಅಂದರು ಡಾಕ್ಟರು. ಭಾವ ನನ್ನನ್ನೂ ಕರೆದುಕೊಂಡು ಡಿಪೋಗೆ ಹೋದರು. ಕ್ಯಾಂಟೀನಿನಲ್ಲಿ ಪಾಳಿಯವರೆಲ್ಲ ಇದ್ದರು. ಯಾರ ಟೀ ಲೋಟವೂ ಖಾಲಿಯಾಗುತ್ತಿಲ್ಲ, ಯಾರೂ ತಲೆ ಎತ್ತುತ್ತಿಲ್ಲ.

“ನೋಡಿದೀವಿ ಅಂದ್ರೆ, ಆವಾಗ ಯಾಕೆ ತಿಳಿಸಲಿಲ್ಲ ಅಂತ ನಮ್ಮ ಕುತ್ತಿಗೆಗೇ ಬರುತ್ತೆ,” ಅಂದ ಮೇಸ್ತ್ರಿ. “ನಮಗೂ ಮಕ್ಕಳಿದಾರಣ್ಣ.”

“ನನ್ನ ತಲೆ ನಿನ್ನ ತೊಡೆ ಮೇಲಿಟ್ಕೊಂಡಿದ್ದೆಯಲ್ಲೋ.”

“ಟೈರ್ ಹಿಂದೆ ಇಟ್ಕೊಂಡಿದ್ದೆ. ಈಗಲೂ ಇಟ್ಕೋತೀನಿ. ಸಾಹೇಬರ ಮುಂದೆ ಹೆಂಗೆ ಇಟ್ಕೊಳ್ಳಲಿ?”

ಮೂಲೆಯಲ್ಲಿದ್ದ ವೆಲ್ಡರ್ ನಗಿಸಲು ನೋಡಿದ. “ನಿನ್ನನ್ನ ಫಿಟ್ ಮಾಡಿ ನಿಲ್ಲಿಸಿದ್ದೇ ನಾವು. ಈಗ ನಾವೇ ಕಳಚೋಕಾಗುತ್ತಾ ಅಣ್ಣ?” ಯಾರೂ ನಗಲಿಲ್ಲ.

ಮಂಡಳಿಯ ಮುಂದೆ ಒಬ್ಬೊಬ್ಬರಾಗಿ ಬಂದು ಒಂದೇ ಮಾತು ಹೇಳಿದರು: ಏನೂ ನೋಡಿಲ್ಲ, ಎರಡು ಮೂರು ಸಲ ಗ್ರೀಸಿನ ಮೇಲೆ ಜಾರಿ ಬಿದ್ದಿದ್ದ, ಅಷ್ಟೆ. ಭಾವ ಫಿಟ್ ಎಂದು ತೀರ್ಮಾನವಾಯಿತು. ಜೊತೆಗೆ, ಇಲ್ಲದ ಕಾಯಿಲೆ ಹೇಳಿಕೊಂಡು ಬರಬಾರದು ಅಂತ ಒಂದು ಎಚ್ಚರಿಕೆ, ಮುಂದಿನ ವಾರದಿಂದ ರಾತ್ರಿ ಪಾಳಿ.

ಮನೆಗೆ ಬಂದಾಗ ಮಗಳು ಬಾಗಿಲಲ್ಲೇ ಚೀಲ ತೆಗೆದುಕೊಂಡಳು. ಒಳಗೆ ಊಟಕ್ಕೆ ಕೂತ ಮೇಲೆ ಮೆಲ್ಲಗೆ ಶುರುಮಾಡಿದಳು.

“ಅಪ್ಪಾ, ನನಗೋಸ್ಕರ ಇಲ್ಲದ ಕಾಯಿಲೆ ಹೇಳ್ಕೊಂಡು ಅವರ ಮುಂದೆಲ್ಲ ನಿಂತ್ಕೋಬಾರದಿತ್ತು ನೀನು. ನನಗೆ ಎಷ್ಟು ಸಂಕಟ ಆಯ್ತು ಗೊತ್ತಾ? ನಾನು ಬೇರೆ ಎಲ್ಲಾದ್ರೂ ನೋಡ್ಕೋತೀನಿ.”

ಭಾವನ ತುತ್ತು ಅರ್ಧದಲ್ಲೇ ನಿಂತಿತು. ಬಾಯಿ ತೆರೆದರು.

“ಚೆನ್ನಾಗಿ ಬುದ್ಧಿ ಹೇಳು ನಿಮ್ಮಪ್ಪಂಗೆ,” ಅಂದಳು ಅಕ್ಕ, ಅವರಿಗಿಂತ ಮುಂಚೆ. “ಕಲ್ಲುಗುಂಡಿನ ಹಾಗಿದಾರೆ, ಫಿಟ್ಸ್ ಅಂತೆ, ಫಿಟ್ಸು.” ಹೇಳುತ್ತಲೇ ನನ್ನ ಕಡೆಗೂ ಒಂದು ನೋಟ ಎಸೆದಳು. ಕೆಲಸವಂತೂ ಹೋಯಿತು, ಮದುವೆಗಾದರೂ ಗುಟ್ಟು ಉಳಿಯಲಿ ಅನ್ನುವುದು ಆ ನೋಟದಲ್ಲಿತ್ತು. ನಾನು ತಟ್ಟೆ ನೋಡಿಕೊಂಡು ಉಂಡೆ.

ಭಾವ ತುತ್ತು ನುಂಗಿ, ನೀರು ಕುಡಿದು, ಮಗಳ ತಲೆ ಸವರಿದರು.

“ತಪ್ಪಾಯ್ತು ಪುಟ್ಟಿ,” ಅಂದರು. “ಇನ್ನು ಯಾವತ್ತೂ ಸುಳ್ಳು ಹೇಳಲ್ಲ.”